ಮಗನ ಮಸ್ಟಾಂಗಿಗೊಂದು ಅಡ್ಡಕಂಬಿ

ಆಯುಧಪೂಜೆಯ ದಿನ ಹೋಬೋಕನ್ನಿನ ಬೀದಿಯಲ್ಲಿ ಕಾರಿನ ಚಕ್ರದಡಿ ನಿಂಬೆಹಣ್ಣು ಇಡುವುದು ಅಷ್ಟು ಸುಲಭದ ಕೆಲಸವಲ್ಲ. ಮೊದಲು ಕಾರನ್ನು ಯಾವ ಬೀದಿಯಲ್ಲಿ ನಿಲ್ಲಿಸಿದ್ದೇವೆಂದು ನೆನಪಾಗಬೇಕು! ಸುಮಾರು ಒಂದು ಚದರ ಮೈಲಿಯ ಊರು ನಮ್ಮದು. ಬೀದಿ ಗುಡಿಸುವ ದಿನ ಕಾರು ಎತ್ತದಿದ್ದರೆ ಟಿಕೆಟ್ ಗ್ಯಾರಂಟಿ. ಇಂಥ ಊರಿನಲ್ಲಿ ಎರಡನೆಯ ಕಾರು ಇಟ್ಟುಕೊಳ್ಳುವುದೇ ಒಂದು ಹುಚ್ಚು. ಆ ಹುಚ್ಚು ಕಳೆದ ವರ್ಷ ನಮ್ಮ ಮನೆಗೆ ಬಂತು. ಕಾಲೇಜಿನಲ್ಲಿ ಓದುತ್ತಿರುವ ಮಗ, ಎರಡು ಬೇಸಿಗೆ ದುಡಿದು ಕೂಡಿಟ್ಟ ಹಣದಲ್ಲಿ ಒಂದು 2002ರ ಮಸ್ಟಾಂಗ್ ಜಿಟಿ ಕೊಂಡು ತಂದ. ಅವನಿಗಿಂತ ವಯಸ್ಸಿನಲ್ಲಿ ಹಿರಿದಾದ ಕಾರು. ನನ್ನ ಶ್ರೀಮತಿ ಆರತಿ ಎತ್ತಿದಳು, ನಿಂಬೆಹಣ್ಣು ಇಟ್ಟಳು. ಆಮೇಲೆ ಅಡುಗೆಮನೆಗೆ ಬಂದು, "ರೀ, ಇದು ಗಟ್ಟಿ ಇದೆಯೋ ಇಲ್ಲವೋ ನೀವೇ ನೋಡಬೇಕು. ಮೆಕ್ಯಾನಿಕಲ್ ಓದಿದ್ದೀನಿ ಅಂತ ನಮ್ಮಪ್ಪನ ಹತ್ತಿರ ಹೇಳಿದ್ದಿರಲ್ಲ" ಎಂದಳು.

ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿದ್ದು ನಿಜ. ಆದರೆ ನಮ್ಮಲ್ಲಿ ಬಹಳ ಜನರ ಹಾಗೆ ನಾನೂ ವಿಮಾನ ಹತ್ತಿದ್ದು ಸಾಫ್ಟ್‌ವೇರಿನ ಕೃಪೆಯಿಂದ. ಇಷ್ಟು ವರ್ಷದಲ್ಲಿ ಸ್ಪ್ಯಾನರ್ ಹಿಡಿದದ್ದು ಐಕಿಯಾ ಮಂಚ ಜೋಡಿಸುವಾಗ ಮಾತ್ರ. ನಾಚಿಕೆಯ ಸಂಗತಿ ಏನೆಂದರೆ, ಮನೆಯಿಂದ ಹತ್ತು ನಿಮಿಷ ನಡೆದರೆ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್. ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘವನ್ನು ವಿಧಿವತ್ತಾಗಿ ಕಟ್ಟಿದ ಸಭೆ 1880ರ ಏಪ್ರಿಲ್‌ನಲ್ಲಿ ಅಲ್ಲಿ ನಡೆಯಿತು. ಅದಕ್ಕೂ ಮೊದಲು, 1825ರಲ್ಲಿ, ಜಾನ್ ಸ್ಟೀವನ್ಸ್ ಇದೇ ಹೋಬೋಕನ್ನಿನ ತನ್ನ ಎಸ್ಟೇಟಿನಲ್ಲಿ ವೃತ್ತಾಕಾರದ ಹಳಿ ಹಾಕಿ ಉಗಿಬಂಡಿ ಓಡಿಸಿದ್ದ. ಆ ಊರಿನಲ್ಲಿ ಕೂತು ನಾನು ದಿನವಿಡೀ ಡೇಟಾಬೇಸ್ ನೋಡುತ್ತಿದ್ದೇನೆ.

ನಿಜವಾದ ಪ್ರಸಂಗ ನಡೆದದ್ದು ನವೆಂಬರಿನ ಒಂದು ಮಳೆಯ ಸಂಜೆ. ಪಾರ್ಸಿಪ್ಪನಿಯ ಗೆಳೆಯರ ಮನೆಯಲ್ಲಿ ಊಟ ಮುಗಿಸಿ, ಮ್ಯಾನ್‌ಹಟನ್ನಿನಲ್ಲಿ ಯಾರನ್ನೋ ನೋಡಲು ರೂಟ್ 3 ಹಿಡಿದು ಹೊರಟಿದ್ದೆವು. ಮಗ ಓಡಿಸುತ್ತಿದ್ದ, ನಾನು ಪಕ್ಕದಲ್ಲಿ, ಶ್ರೀಮತಿ ಹಿಂದೆ. ಲಿಂಕನ್ ಸುರಂಗಕ್ಕೆ ಇಳಿಯುವ ಆ ಸುರುಳಿ ದಾರಿ, ಹೀಲಿಕ್ಸ್, ನಿಮಗೆಲ್ಲ ಗೊತ್ತು. ನದಿಯಾಚೆ ಇಡೀ ನ್ಯೂಯಾರ್ಕ್ ದೀಪ ಹೊತ್ತಿಸಿಕೊಂಡು ನಿಂತಿರುತ್ತದೆ, ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ಅಲ್ಲಿಯೇ ಮೊದಲ ದರ್ಶನ. ಆ ತಿರುವಿನ ಮಧ್ಯೆ ರಸ್ತೆಯ ಕೂಡಿಕೆಯೊಂದನ್ನು ಹಾಯುವಾಗ ಕಾರಿನ ಹಿಂಭಾಗ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟಿತು. ಜಾರಿದ್ದಲ್ಲ, ಹೆಜ್ಜೆ ಇಟ್ಟ ಹಾಗೆ. ಮರುಕ್ಷಣ ವಾಪಸು ಬಂತು. ವೇಗ ಹೆಚ್ಚಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಆದರೆ ಹಿಂದಿನ ಸೀಟಿನಿಂದ ತೀರ್ಮಾನ ಬಂತು: "ನಾಳೆಯೇ ಇದನ್ನು ಮಾರಿ."

ಮಗ ರಾತ್ರಿಯಿಡೀ ಮಾತಾಡಲಿಲ್ಲ. ಬೆಳಿಗ್ಗೆ ಬಂದು, "ಅಪ್ಪ, ಒಂದು ಪ್ಯಾನ್‌ಹಾರ್ಡ್ ಬಾರ್ ಹಾಕಿದರೆ ಸರಿಹೋಗುತ್ತೆ" ಎಂದ. ಅದನ್ನು ನಾನು ಪರೀಕ್ಷೆಗೆ ಓದಿದ್ದೆ, ಕಣ್ಣಿಂದ ನೋಡಿರಲಿಲ್ಲ. "ಒಂದು ತಿಂಗಳು ಟೈಮ್ ಕೊಡು, ಸರಿಹೋಗದಿದ್ದರೆ ಮಾರೋಣ" ಎಂದು ಶ್ರೀಮತಿಯ ಹತ್ತಿರ ಒಪ್ಪಂದವಾಯಿತು. ಅಲ್ಲಿಯವರೆಗೆ ಅವಳು ಆ ಕಾರಿನಲ್ಲಿ ಕೂರುವುದಿಲ್ಲ, ಮಗ ಮಳೆಯಲ್ಲಿ ಅದನ್ನು ತೆಗೆಯುವುದಿಲ್ಲ.

ಎತ್ತಿನ ಗಾಡಿ ನೋಡಿದವರಿಗೆ ಈ ವಿಷಯ ಅರ್ಧ ಗೊತ್ತಿದ್ದ ಹಾಗೆಯೇ. ಗಾಡಿಗೆ ಒಂದು ಅಚ್ಚು, ಎರಡು ತುದಿಗೆ ಎರಡು ಗಾಲಿ. ಒಂದು ಗಾಲಿ ಕಲ್ಲು ಹತ್ತಿದರೆ ಅಚ್ಚೇ ಓರೆಯಾಗುತ್ತದೆ. ಹಳೆಯ ಮಸ್ಟಾಂಗಿನ ಹಿಂಭಾಗವೂ ಹೀಗೆಯೇ. ಎಡ ಬಲ ಚಕ್ರಗಳೆರಡೂ ಒಂದೇ ಗಟ್ಟಿ ಹೌಸಿಂಗಿನ ತುದಿಗಳಲ್ಲಿವೆ, ನಡುವೆ ಡಿಫರೆನ್ಶಿಯಲ್ಲಿನ ಗಡಿಗೆ. ಗಾಡಿಯಲ್ಲಿ ಅಚ್ಚನ್ನು ಮರಕ್ಕೇ ಬಿಗಿದಿರುತ್ತಾರೆ, ಪಕ್ಕಕ್ಕೆ ಹೋಗುವ ಪ್ರಶ್ನೆ ಇಲ್ಲ. ಕಾರಿನಲ್ಲಿ ಅದು ಮೇಲೆ ಕೆಳಗೆ ಆಡಬೇಕು, ಆದರೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಹೋಗಬಾರದು. ಕಷ್ಟ ಬರುವುದು ಇಲ್ಲಿಯೇ.

ನಮ್ಮ ಅಂಬಾಸಿಡರಿನಲ್ಲಿ ಈ ಕಷ್ಟವನ್ನು ಲೀಫ್ ಸ್ಪ್ರಿಂಗ್ ಒಂದೇ ಪರಿಹರಿಸುತ್ತಿತ್ತು. ಉಕ್ಕಿನ ಪಟ್ಟಿಗಳ ಆ ಕಟ್ಟು ಭಾರವನ್ನೂ ಹೊರುತ್ತದೆ, ಅಚ್ಚನ್ನು ಹಿಂದೆ ಮುಂದೆ ಹೋಗದಂತೆಯೂ ಹಿಡಿಯುತ್ತದೆ, ಪಕ್ಕಕ್ಕೆ ಸರಿಯದಂತೆಯೂ ನೋಡಿಕೊಳ್ಳುತ್ತದೆ. ಮೂರು ಕೆಲಸಕ್ಕೆ ಒಂದೇ ಆಳು. ಸುಖ ಕಡಿಮೆ, ಬಾಳಿಕೆ ಹೆಚ್ಚು. 1964ರ ಏಪ್ರಿಲ್ 17ರಂದು ಇಲ್ಲೇ ಕ್ವೀನ್ಸಿನ ಫ್ಲಶಿಂಗ್ ಮೆಡೋಸಿನಲ್ಲಿ, ವಿಶ್ವ ಮೇಳದಲ್ಲಿ, ಫೋರ್ಡ್ ಕಂಪನಿ ಮೊದಲ ಮಸ್ಟಾಂಗನ್ನು ತೋರಿಸಿತಲ್ಲ, ಅದರ ಹಿಂದೆಯೂ ಲೀಫ್ ಸ್ಪ್ರಿಂಗೇ ಇತ್ತು.

ಲೀಫ್ ತೆಗೆದು ಸುರುಳಿ ಸ್ಪ್ರಿಂಗ್ ಹಾಕಿದರೆ ಕಾರು ಮೆತ್ತಗೆ ಓಡುತ್ತದೆ. ಆದರೆ ಸುರುಳಿಗೆ ಭಾರ ಹೊರುವುದು ಮಾತ್ರ ಗೊತ್ತು. ಅಚ್ಚನ್ನು ಹಿಡಿಯಲು ಬೇರೆ ತೋಳುಗಳು ಬೇಕು. 1979ರಿಂದ 2004ರವರೆಗಿನ ಮಸ್ಟಾಂಗುಗಳಲ್ಲಿ ಸಾಮಾನ್ಯವಾಗಿ ಇಂಥ ನಾಲ್ಕು ತೋಳುಗಳಿವೆ. ಕೆಳಗಿನ ಎರಡು ಹೆಚ್ಚುಕಡಿಮೆ ನೇರವಾಗಿ ಮುಂದಕ್ಕೆ ಹೋಗುತ್ತವೆ, ಮೇಲಿನ ಎರಡು ಓರೆಯಾಗಿ. ಅಚ್ಚು ಪಕ್ಕಕ್ಕೆ ಸರಿಯದಂತೆ ತಡೆಯುವುದು ಮೇಲಿನ ಆ ಓರೆ ತೋಳುಗಳ ಕೆಲಸ. ಅವುಗಳ ತುದಿಯಲ್ಲಿರುವುದು ರಬ್ಬರ್ ಬುಷ್. ರಬ್ಬರ್ ಒತ್ತಿದರೆ ಕುಗ್ಗುತ್ತದೆ. ಬಿಗಿ ತಿರುವಿನಲ್ಲಿ ಟೈರುಗಳು ರಸ್ತೆಯನ್ನು ಹಿಡಿದುಕೊಂಡಿದ್ದರೂ ಮೇಲಿನ ಬಾಡಿ ಸ್ವಲ್ಪ ಹೊರಕ್ಕೆ ಸರಿಯುತ್ತದೆ, ಆಮೇಲೆ ವಾಪಸು ಬರುತ್ತದೆ. ಹೀಲಿಕ್ಸಿನಲ್ಲಿ ನಮಗೆ ಹೆಜ್ಜೆ ಇಟ್ಟ ಹಾಗೆ ಅನಿಸಿದ್ದು ಇದೇ.

ಪ್ಯಾನ್‌ಹಾರ್ಡ್ ಬಾರ್ ಎಂದರೆ ಈ ಪಕ್ಕದ ಆಟವನ್ನು ನಿಲ್ಲಿಸುವ ಒಂದು ಅಡ್ಡಕಂಬಿ, ಅಷ್ಟೇ. ಒಂದು ತುದಿ ಅಚ್ಚಿನ ಎಡಗಡೆಗೋ ಬಲಗಡೆಗೋ, ಇನ್ನೊಂದು ತುದಿ ಎದುರು ಬದಿಯ ಬಾಡಿಗೆ. ಎರಡೂ ತುದಿಯಲ್ಲಿ ಕೀಲು. ಹೆಸರು ಬಂದದ್ದು ಫ್ರಾನ್ಸಿನ ಪನಾರ್ ಎ ಲೆವಾಸೋರ್ ಎಂಬ ಕಂಪನಿಯಿಂದ. 1895ರ ಪ್ಯಾರಿಸ್-ಬೋರ್ದೋ-ಪ್ಯಾರಿಸ್ ಓಟದಲ್ಲಿ ಎಲ್ಲರಿಗಿಂತ ಮೊದಲು ವಾಪಸು ಬಂದ ಎಮಿಲ್ ಲೆವಾಸೋರ್ ಇದೇ ಕಂಪನಿಯವನು. ಫ್ರೆಂಚರ ಪನಾರ್ ಅಮೆರಿಕನ್ನರ ಬಾಯಲ್ಲಿ ಪ್ಯಾನ್‌ಹಾರ್ಡ್ ಆಯಿತು, ನಮ್ಮ ಹೆಸರುಗಳು ಆಗುವ ಹಾಗೆ! ಜೀಪಿನವರು ಇದನ್ನೇ ಟ್ರ್ಯಾಕ್ ಬಾರ್ ಎನ್ನುತ್ತಾರೆ.

ಓದುಗರೇ, ನೀವು ಇದರ ಮೇಲೆ ಕೂತು ನೂರಾರು ಮೈಲಿ ಹೋಗಿದ್ದೀರಿ. ರಜೆಗೆ ಬೆಂಗಳೂರಿನಲ್ಲಿ ಇಳಿದು, ದೇವನಹಳ್ಳಿಯಿಂದ ಟ್ಯಾಕ್ಸಿ ಹಿಡಿದು ಮೈಸೂರಿಗೋ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೋ ಹೋದಾಗ ಬಂದದ್ದು ಇನೋವಾ ತಾನೆ? ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 2000ದಲ್ಲಿ ಮಾರುಕಟ್ಟೆಗೆ ಬಿಟ್ಟ ಕ್ವಾಲಿಸ್‌ಗೆ ಹಿಂದೆ ಲೀಫ್ ಸ್ಪ್ರಿಂಗ್ ಇತ್ತು. 2005ರಲ್ಲಿ ಬಂದ ಇನೋವಾಕ್ಕೆ ಸುರುಳಿ ಸ್ಪ್ರಿಂಗ್, ನಾಲ್ಕು ತೋಳು, ಜೊತೆಗೆ ಒಂದು ಲ್ಯಾಟರಲ್ ರಾಡ್. ಈ ಲ್ಯಾಟರಲ್ ರಾಡ್ ಅಂದರೆ ಪ್ಯಾನ್‌ಹಾರ್ಡ್ ಬಾರೇ. ಕ್ವಾಲಿಸ್ ಬಿಟ್ಟು ಇನೋವಾ ಹತ್ತಿದವರು "ಏನು ಸುಖ!" ಎಂದರಲ್ಲ, ಆ ಸುಖದಲ್ಲಿ ಈ ಕಂಬಿಗೂ ಪಾಲಿದೆ. ಈಚಿನ ಹೈಕ್ರಾಸಿನದು ಬೇರೆ ಕತೆ. ಅದು ಮುಂಚಕ್ರದಿಂದ ಓಡುವ ಕಾರು, ಹಿಂಭಾಗದ ಜೋಡಣೆಯೇ ಬೇರೆ.

ಜೆಎಫ್‌ಕೆಯಿಂದ ಮೊದಲ ಸಲ ಹತ್ತಿದ ಹಳದಿ ಟ್ಯಾಕ್ಸಿ ನೆನಪಿದೆಯೆ? ಆ ಕ್ರೌನ್ ವಿಕ್ಟೋರಿಯಾ 1998ರ ನಂತರದ್ದಾಗಿದ್ದರೆ ಅದರಲ್ಲಿ ಇದೇ ಕೆಲಸಕ್ಕೆ ವ್ಯಾಟ್ಸ್ ಲಿಂಕ್ ಇತ್ತು, ಉಗಿಯಂತ್ರದ ಜೇಮ್ಸ್ ವ್ಯಾಟ್ 1784ರಲ್ಲಿ ಪೇಟೆಂಟ್ ಪಡೆದ ಜೋಡಣೆ. ಎರಡು ಕಂಬಿ, ನಡುವೆ ತಿರುಗುವ ಒಂದು ತುಂಡು. ಅಚ್ಚನ್ನು ಹೆಚ್ಚುಕಡಿಮೆ ನೇರ ಗೆರೆಯಲ್ಲಿಯೇ ಮೇಲೆ ಕೆಳಗೆ ಆಡಿಸುತ್ತದೆ. ಪ್ಯಾನ್‌ಹಾರ್ಡಿಗಿಂತ ಮೇಲು, ಆದರೆ ಕೀಲು ಜಾಸ್ತಿ, ಖರ್ಚೂ ಜಾಸ್ತಿ. ಫೋರ್ಡ್‌ನವರೇ 2005ರಿಂದ 2014ರ ಮಸ್ಟಾಂಗಿಗೆ ಪ್ಯಾನ್‌ಹಾರ್ಡ್ ಹಾಕಿ ಕಳಿಸಿದರು. 2015ರಿಂದ ಒಂದೇ ಅಚ್ಚಿನ ಪದ್ಧತಿಯನ್ನೇ ಬಿಟ್ಟು, ಎರಡು ಚಕ್ರವೂ ಬೇರೆ ಬೇರೆ ಆಡುವಂತೆ ಮಾಡಿದರು. ನಮ್ಮದು ಎರಡಕ್ಕೂ ಮೊದಲಿನದು.

ಹೋಬೋಕನ್ನಿನ ಬೀದಿಯಲ್ಲಿ ಕಾರಿನಡಿ ಮಲಗುವ ಹಾಗಿಲ್ಲ. ಪಾರ್ಸಿಪ್ಪನಿಯ ಅದೇ ಗೆಳೆಯರ ಗ್ಯಾರೇಜು ಗತಿ. ಪುತ್ತೂರಿನ ಕಡೆಯವರು, ಕೈಕೆಲಸದಲ್ಲಿ ಗಟ್ಟಿಗರು. ಕಾರನ್ನು ಎತ್ತಿ ಟಾರ್ಚ್ ಬಿಟ್ಟು ಐದು ನಿಮಿಷ ನೋಡಿ, "ಮಾರಾಯ್ರೆ, ಬಾರ್ ಆಮೇಲೆ. ಮೊದಲು ಇದನ್ನು ನೋಡಿ" ಎಂದರು. ಮೇಲಿನ ತೋಳಿನ ಎರಡು ಬುಷ್ ಹರಿದು ಚೂರಾಗಿದ್ದವು. ಹಿಂದಿನ ಟೈರುಗಳಲ್ಲಿ ಗೀರು ಉಳಿದಿದ್ದರೂ ರಬ್ಬರ್ ಕಲ್ಲಾಗಿತ್ತು. ಒಂದು ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿತ್ತು. ನನ್ನ ಮುಖ ಸಣ್ಣದಾಯಿತು. ಇಷ್ಟು ದಿನ ಇದರಲ್ಲಿ ಹೆಂಡತಿ ಮಗನನ್ನು ಕೂರಿಸಿಕೊಂಡು ತಿರುಗಿದ್ದೆನಲ್ಲ!

ಇದನ್ನು ಯಾರೂ ನಮಗೆ ಹೇಳಿರಲಿಲ್ಲ, ಹೇಳುವವರೂ ಇಲ್ಲ. ನ್ಯೂಜೆರ್ಸಿಯಲ್ಲಿ 2010ರ ಆಗಸ್ಟ್‌ನಿಂದ ಸ್ವಂತ ಬಳಕೆಯ ಕಾರುಗಳ ಮೆಕ್ಯಾನಿಕಲ್ ತಪಾಸಣೆ ನಿಂತುಹೋಗಿದೆ. ಗಾಜಿಗೆ ಸ್ಟಿಕ್ಕರ್ ಅಂಟಿಸುವಾಗ ನೋಡುವುದು ಹೊಗೆಯ ವಿಚಾರ. ಬ್ರೇಕು, ಬುಷ್, ಸ್ಟಿಯರಿಂಗ್ ಎಲ್ಲ ಮಾಲೀಕನ ಜವಾಬ್ದಾರಿ. "ಇನ್‌ಸ್ಪೆಕ್ಷನ್ ಪಾಸಾಗಿದೆ" ಎಂಬ ಸಮಾಧಾನದಲ್ಲಿ ಮಕ್ಕಳಿಗೆ ಹಳೆಯ ಕಾರು ಕೊಡಿಸುವ ನಮ್ಮವರು ಇದನ್ನು ದಯವಿಟ್ಟು ಗಮನಿಸಬೇಕು.

ಹಾಗಾಗಿ ಮೊದಲ ಎರಡು ವಾರ ಬುಷ್, ಟೈರ್, ಶಾಕ್‌ಗಳಿಗೇ ಹೋಯಿತು. ಮೇಲಿನ ತೋಳುಗಳಿಗೆ ಗಟ್ಟಿ ಪಾಲಿಯುರಿಥೇನ್ ಬುಷ್ ಹಾಕೋಣ ಎಂದು ಮಗನ ಆಸೆ. ಬೇಡವೆಂದೆ. ಅಡ್ಡಕಂಬಿ ಹಾಕಿದ ಮೇಲೆ ಪಕ್ಕದ ಕೆಲಸ ಅದರದು. ಕಾರು ತಿರುವಿನಲ್ಲಿ ವಾಲುವುದು ಒಂದು ಬಿಂದುವಿನ ಸುತ್ತ. ಓರೆ ತೋಳುಗಳು ಆ ಬಿಂದುವನ್ನು ಎತ್ತರದಲ್ಲಿ ಇಡುತ್ತವೆ, ಅಡ್ಡಕಂಬಿ ಕೆಳಗೆ ತರಲು ನೋಡುತ್ತದೆ. ಎರಡೂ ಗಟ್ಟಿಯಾದರೆ ಒಂದೇ ಮನೆಯಲ್ಲಿ ಇಬ್ಬರು ಯಜಮಾನರಿದ್ದ ಹಾಗೆ, ಅಚ್ಚು ಎತ್ತಲೂ ಆಡಲಾರದೆ ಸಿಕ್ಕಿಕೊಳ್ಳುತ್ತದೆ. ಮೇಲೆ ಮೆತ್ತನೆಯ ರಬ್ಬರೇ ಇರಲಿ, ಅದು ಸ್ವಲ್ಪ ಬಿಟ್ಟುಕೊಡುತ್ತದೆ. "ಹಾಗಾದರೆ ಒಂದು ಮೇಲಿನ ತೋಳು ತೆಗೆದೇ ಬಿಡೋಣ, ಕೆಲವರು ಹಾಗೆ ಮಾಡ್ತಾರೆ" ಎಂದ. ಎರಡು ತೋಳು ಹೊರಬೇಕಾದ್ದನ್ನು ಒಂದಕ್ಕೆ ಹೊರಿಸಿದರೆ ಅದನ್ನು ಹಿಡಿದಿರುವ ತಗಡು ಹರಿಯಬಹುದು. ಈ ವಿಷಯದಲ್ಲಿ ಅಪ್ಪನ ಮಾತೇ ಕೊನೆಯದಾಯಿತು.

ಇನ್ನು ಕಂಬಿಯ ಲೆಕ್ಕ. ಕಂಬಿಯ ಒಂದು ತುದಿ ಬಾಡಿಗೆ ಕಟ್ಟಿರುವುದರಿಂದ ಅಚ್ಚು ಮೇಲೆ ಕೆಳಗೆ ಆಡುವಾಗ ಇನ್ನೊಂದು ತುದಿ ನೇರ ಗೆರೆಯಲ್ಲಿ ಹೋಗದೆ ಕಮಾನಿನಲ್ಲಿ ಹೋಗುತ್ತದೆ. ಬಾಗಿಲಿನ ಅಂಚು ಹೋಗುವ ಹಾಗೆ. ಅಂದರೆ ಪ್ರತಿ ಉಬ್ಬಿಗೂ ಅಚ್ಚು ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ. ಪಕ್ಕಕ್ಕೆ ಸರಿಯದಿರಲಿ ಎಂದು ಹಾಕಿದ ಕಂಬಿಯೇ ಸರಿಸಿದರೆ ಹೇಗೆ ಎಂದು ನೀವು ಕೇಳಬಹುದು. ಎಷ್ಟು ಸರಿಸುತ್ತದೆ ಎಂಬುದೇ ಮುಖ್ಯ. ಕಂಬಿ 900 ಮಿಲಿಮೀಟರ್ ಉದ್ದವಿದ್ದು, ಕಾರು ನಿಂತಾಗ ಅದು ಮಟ್ಟವಾಗಿದ್ದರೆ, ಅಚ್ಚು 50 ಮಿಲಿಮೀಟರ್ ಮೇಲೆದ್ದಾಗ ಪಕ್ಕಕ್ಕೆ ಸರಿಯುವುದು 1.4 ಮಿಲಿಮೀಟರ್. ಏನೂ ಅಲ್ಲ. ಅದೇ ಕಂಬಿಯನ್ನು ಅರ್ಧ ಉದ್ದ ಮಾಡಿದರೆ 2.8. ಉದ್ದ 900 ಇದ್ದೂ ಒಂದು ತುದಿ ಮೊದಲೇ 50 ಮಿಲಿಮೀಟರ್ ಮೇಲಿದ್ದು, ಅಲ್ಲಿಂದ ಇನ್ನೂ 50 ಎದ್ದರೆ 4.2, ಅಂದರೆ ಮೂರು ಪಟ್ಟು. ಕಂಬಿ ಓರೆಯಾಗಿದ್ದರೆ ಇನ್ನೊಂದು ತೊಂದರೆಯೂ ಇದೆ. ಒಂದು ಕಡೆ ತಿರುಗುವಾಗ ಅದು ಕಾರಿನ ಹಿಂಭಾಗವನ್ನು ತುಸು ಎತ್ತುತ್ತದೆ, ಇನ್ನೊಂದು ಕಡೆ ತಿರುಗುವಾಗ ತುಸು ಕೆಳಗೆಳೆಯುತ್ತದೆ. ಆದ್ದರಿಂದ ಕಂಬಿ ಸಾಧ್ಯವಾದಷ್ಟು ಉದ್ದವಿರಬೇಕು, ಕಾರಿನ ಭಾರ ಚಕ್ರದ ಮೇಲಿರುವಾಗ ಮಟ್ಟವಾಗಿರಬೇಕು.

ಕಂಬಿಗಿಂತ ಮುಖ್ಯ ಅದನ್ನು ಹಿಡಿಯುವ ಬ್ರಾಕೆಟ್ಟು. ಸುಮಾರು 1500 ಕಿಲೋ ತೂಗುವ ಈ ಕಾರಿನ ಹಿಂದಿನ ಚಕ್ರಗಳ ಮೇಲೆ 640 ಕಿಲೋದಷ್ಟು ಭಾರ ಬೀಳುತ್ತದೆ ಎಂದಿಟ್ಟುಕೊಳ್ಳಿ. ಬಿಗಿ ತಿರುವಿನಲ್ಲಿ ಅದರ ಹತ್ತರಲ್ಲಿ ಎಂಟು ಪಾಲಿನಷ್ಟು ಬಲ ಪಕ್ಕಕ್ಕೆ ತಳ್ಳಬಹುದು. ಅಂದರೆ 500 ಕಿಲೋಗೂ ಮೇಲೆ, 50 ಕಿಲೋ ತೂಗುವ ಹತ್ತು ಅಕ್ಕಿ ಮೂಟೆ, ಒಂದೇ ಕಂಬಿಯ ಎರಡು ಬೋಲ್ಟುಗಳ ಮೇಲೆ. ಬ್ರಾಕೆಟ್ಟು ಬೋಲ್ಟನ್ನು ಎರಡು ಕಡೆಯಿಂದಲೂ ಹಿಡಿದಿರಬೇಕು, ಒಂದೇ ಕಡೆ ಹಿಡಿದು ಜೋತು ಬಿಟ್ಟಿರಬಾರದು. ಬಾಡಿಯ ಕಡೆಯ ಬ್ರಾಕೆಟ್ಟಿನಿಂದ ಎದುರು ಬದಿಯ ರೈಲಿಗೆ ಒಂದು ಆಧಾರದ ಪೈಪು ಇರಬೇಕು. ಬೋಲ್ಟ್ ಗ್ರೇಡ್ 8 ಇರಲಿ, ತಲೆಯ ಮೇಲೆ ಆರು ಗೆರೆ ಇರುತ್ತವೆ, ಎಣಿಸಿ ನೋಡಬಹುದು. ಮೂರೇ ಗೆರೆ ಇದ್ದರೆ ಗ್ರೇಡ್ 5.

ಇಲ್ಲಿಯ ರಸ್ತೆಗೆ ಚಳಿಗಾಲದಲ್ಲಿ ಸುರಿಯುವ ಉಪ್ಪು ಕಾರಿನಡಿಯ ತಗಡನ್ನು ಒಳಗಿಂದ ತಿನ್ನುತ್ತದೆ. ಗೆಳೆಯರು ಸುತ್ತಿಗೆಯಿಂದ ರೈಲನ್ನು ಉದ್ದಕ್ಕೂ ತಟ್ಟುತ್ತಾ ಹೋದರು, ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆ. ಎಲ್ಲ ಕಡೆ ಕಣ್ ಎಂದಿತು. ಒಂದು ಕಡೆ ಬೊದ್ದು ಶಬ್ದ ಬಂದಿದ್ದರೂ ಕಾರು ಮಾರುವುದೇ ಸರಿ ಎಂದು ನಾನು ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟಿದ್ದೆ. ಮಗನಿಗೆ ಹೇಳಿರಲಿಲ್ಲ.

ಹೌಸಿಂಗಿಗೆ ಬ್ರಾಕೆಟ್ಟು ವೆಲ್ಡ್ ಮಾಡಬೇಕಿತ್ತು. ಅದನ್ನು ನಾವು ಮುಟ್ಟಲಿಲ್ಲ. ಈ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕು ಇರುವುದು ಅಚ್ಚಿನ ಹಿಂದೆಯೇ. ಕಿಡಿ ಹಾರುವ ಕೆಲಸ ಅದರ ಪಕ್ಕ ಬೇಡ. ಮೇಲಾಗಿ ಒಂದೇ ಕಡೆ ಉದ್ದಕ್ಕೆ ವೆಲ್ಡ್ ಎಳೆದರೆ ಬಿಸಿಗೆ ಹೌಸಿಂಗಿನ ಕೊಳವೆ ಬಾಗಬಹುದು. ಹೌಸಿಂಗನ್ನೇ ಇಳಿಸಿ ಅನುಭವಸ್ಥ ವೆಲ್ಡರ್ ಹತ್ತಿರ ಒಯ್ದೆವು. ಚಿಕ್ಕ ಚಿಕ್ಕ ಹೊಲಿಗೆಯ ಹಾಗೆ, ಈ ಕಡೆ ಸ್ವಲ್ಪ ಆ ಕಡೆ ಸ್ವಲ್ಪ, ಆರಲು ಬಿಟ್ಟು ಬಿಟ್ಟು ಮಾಡಿಕೊಟ್ಟರು.

ಉಳಿದದ್ದು ನಾವೇ ಜೋಡಿಸಿದೆವು. ಇಲ್ಲಿ ಒಂದು ತಪ್ಪು ಮಾಡಿದೆ, ತಪ್ಪು ಪೂರ್ತಿ ನನ್ನದೇ. ಬಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದ್ದೆವು, ಅಚ್ಚು ಕೆಳಗೆ ಜೋತಾಡುತ್ತಿತ್ತು. ಆ ಸ್ಥಿತಿಯಲ್ಲಿಯೇ ಕಂಬಿಯನ್ನು ತಿರುಗಿಸಿ, ಅಳೆದು, ಎರಡೂ ಚಕ್ರ ಸಮಕ್ಕೆ ತಂದು ಬಿಗಿದುಬಿಟ್ಟೆ. ಕಂಬಿಯ ಒಂದು ತುದಿಗೆ ಬಲ ಥ್ರೆಡ್, ಇನ್ನೊಂದಕ್ಕೆ ಎಡ ಥ್ರೆಡ್, ನಡುವೆ ಹಿಡಿದು ತಿರುಗಿಸಿದರೆ ಉದ್ದವಾಗುತ್ತದೆ ಇಲ್ಲವೆ ಗಿಡ್ಡವಾಗುತ್ತದೆ. ಬಹಳ ಹೆಮ್ಮೆಯಿಂದ ಕಾರನ್ನು ನೆಲಕ್ಕಿಳಿಸಿದೆವು. ಶ್ರೀಮತಿಯ ಕಸೂತಿ ದಾರಕ್ಕೆ ಒಂದು ನಟ್ ಕಟ್ಟಿ, ಗಾರೆಯವರ ತೂಕದ ಗುಂಡಿನ ಹಾಗೆ ಮಡ್‌ಗಾರ್ಡಿನ ಅಂಚಿನಿಂದ ಇಳಿಬಿಟ್ಟು ಅಳೆದರೆ, ಎಡ ಚಕ್ರ ಒಳಗೆ, ಬಲ ಚಕ್ರ ಹೊರಗೆ! ಎರಡಕ್ಕೂ ಹನ್ನೊಂದು ಮಿಲಿಮೀಟರ್ ವ್ಯತ್ಯಾಸ. ಅಚ್ಚು ಹತ್ತು ಸೆಂಟಿಮೀಟರ್ ಜೋತಾಡುತ್ತಿತ್ತು. ಲೆಕ್ಕ ಹಾಕಿದರೆ 900ರ ಕಂಬಿ ಅಷ್ಟಕ್ಕೆ ಐದೂವರೆ ಮಿಲಿಮೀಟರ್ ಸರಿಸಲೇಬೇಕು, ಎರಡು ಬದಿಗೂ ಸೇರಿ ಹನ್ನೊಂದು. "ಅಪ್ಪ, ನೀನು ಪೇಪರಿನ ಮೇಲೆ ಬರೆದದ್ದನ್ನೇ ಕಾರು ಮಾಡಿ ತೋರಿಸಿತು" ಎಂದ ಮಗ. ಗೆಳೆಯರು ಬಾಗಿಲ ಕಡೆ ತಿರುಗಿ ನಕ್ಕರು.

ಮತ್ತೆ ಎತ್ತಿದೆವು. ಈ ಸಲ ಸ್ಟ್ಯಾಂಡನ್ನು ಬಾಡಿಗಲ್ಲ, ಅಚ್ಚಿನ ಹೌಸಿಂಗಿನ ಕೆಳಗೇ ಇಟ್ಟೆವು. ಕಾರಿನ ಭಾರವೆಲ್ಲ ಸ್ಪ್ರಿಂಗಿನ ಮೇಲೆ ಬಂತು, ರಸ್ತೆಯ ಮೇಲೆ ನಿಂತ ಹಾಗೆ. ಕಂಬಿಯ ಮೇಲೆ ರಸಮಟ್ಟ ಇಟ್ಟು ಬ್ರಾಕೆಟ್ಟಿನ ತೂತು ಆರಿಸಿದೆವು, ದಾರದಿಂದ ಎರಡೂ ಬದಿ ಅಳೆದು ಸಮ ಮಾಡಿದೆವು, ಕೊನೆಗೆ ಲಾಕ್ ನಟ್ ಬಿಗಿದೆವು. ಹೊಸ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನೂ ಈ ಸ್ಥಿತಿಯಲ್ಲಿಯೇ ಬಿಗಿಯಬೇಕು. ಅಚ್ಚು ಜೋತಾಡುವಾಗ ಬಿಗಿದರೆ ಕಾರು ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಕಂಬಿ ಸೈಲೆನ್ಸರ್ ಪೈಪಿಗೆ, ಬ್ರೇಕಿನ ಪೈಪಿಗೆ ತಗಲದಂತೆ ಅಚ್ಚನ್ನು ಮೇಲೆ ಕೆಳಗೆ ಪೂರ್ತಿ ಆಡಿಸಿ ನೋಡಿದೆವು. ಮರುದಿನ ಇನ್ಶೂರೆನ್ಸ್‌ನವರಿಗೂ ಫೋನ್ ಮಾಡಿ ತಿಳಿಸಿದೆ.

ಫಲ ಏನು? ಉತ್ಪ್ರೇಕ್ಷೆ ಮಾಡದೆ ಹೇಳುವುದಾದರೆ, ಅರ್ಧ ಗುಣ ಹೊಸ ಟೈರು, ಬುಷ್, ಶಾಕ್‌ನಿಂದಲೇ ಬಂದಿತ್ತು. ಕಂಬಿ ಹಾಕುವ ಮೊದಲೇ ಆ ವ್ಯತ್ಯಾಸ ಗೊತ್ತಾಗಿತ್ತು. ಉಳಿದರ್ಧ ಕಂಬಿಯದು. ಲೇನ್ ಬದಲಿಸುವಾಗ ಹಿಂಭಾಗ ಒಂದು ಕ್ಷಣ ತಡವಾಗಿ ಬರುತ್ತಿದ್ದದ್ದು ಹೋಯಿತು, ಮುಂಭಾಗದ ಜೊತೆಗೇ ಬರುತ್ತದೆ. ಬದಲಿಗೆ ಒಂದಿಷ್ಟು ಶಬ್ದ ಬಂದಿದೆ. ವಾಷಿಂಗ್ಟನ್ ಸ್ಟ್ರೀಟಿನ ಹಿಂದಿನ ಕೋರ್ಟ್ ಸ್ಟ್ರೀಟಿನಲ್ಲಿ ಈಗಲೂ ಕಲ್ಲುಹಾಸು ಇದೆಯಲ್ಲ, ಅಲ್ಲಿ ಹೋದರೆ ಕೀಲುಗಳು ಟಕಟಕ ಎನ್ನುತ್ತವೆ. ಮಂಜಿನ ಮೇಲೆ ಇದರಿಂದ ಯಾವ ಉಪಕಾರವೂ ಇಲ್ಲ. ಟೈರಿಗೇ ಹಿಡಿತ ಇಲ್ಲದಾಗ ಅಚ್ಚು ನೆಟ್ಟಗಿದ್ದು ಏನು ಮಾಡೀತು? ನಾಲ್ಕು ಜನ ಕೂತು ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಕಾರು ಕುಸಿದು ಕಂಬಿಯ ಮಟ್ಟವೂ ತಪ್ಪುತ್ತದೆ. ನಾವು ಇಬ್ಬರು ಕೂತಾಗಿನ ಎತ್ತರಕ್ಕೆ ಹೊಂದಿಸಿಕೊಂಡಿದ್ದೇವೆ.

ಒಪ್ಪಂದದ ಗಡುವಿನ ಕೊನೆಯ ಭಾನುವಾರ ಸಣ್ಣ ಮಳೆ ಹನಿಯುತ್ತಿತ್ತು. ಶ್ರೀಮತಿಯೇ ಶಾಲು ಹೊದ್ದು ಬಂದು ಹಿಂದಿನ ಸೀಟಿನಲ್ಲಿ ಕೂತಳು. ರೂಟ್ 3, ಅದೇ ಹೀಲಿಕ್ಸ್, ಅದೇ ಕೂಡಿಕೆ. ಮಗ ಹಿಂದಿನ ಸಲಕ್ಕಿಂತ ನಿಧಾನವಾಗಿಯೇ ಓಡಿಸಿದ. ಧಡಕ್ ಎಂದು ಕೂಡಿಕೆ ದಾಟಿತು, ಅಷ್ಟೇ. ಸುರಂಗದ ಬಾಯಿಯವರೆಗೂ ಯಾರೂ ಮಾತಾಡಲಿಲ್ಲ. ಒಳಗೆ ಹೋದ ಮೇಲೆ ಹಿಂದಿನಿಂದ ಕೇಳಿತು, "ಏಸಿ ಸ್ವಲ್ಪ ಕಡಿಮೆ ಮಾಡೋ, ಚಳಿ."

ಈ ವರ್ಷದ ಆಯುಧಪೂಜೆಗೆ ಮಗ ಕಾರಿನಡಿ ತೂರಿ ಕಂಬಿಗೂ ಒಂದು ಕುಂಕುಮದ ಬೊಟ್ಟು ಇಟ್ಟ. ಹೊರಗೆ ಬಂದವನ ಕೈಯಲ್ಲಿ ಟಾರ್ಕ್ ರೆಂಚ್ ಇತ್ತು. ಬೋಲ್ಟುಗಳನ್ನು ಮೊದಲ ನೂರು ಮೈಲಿಗೆ ಒಮ್ಮೆ ನೋಡಿದ್ದೆವು, ಆಮೇಲೆ ಎಣ್ಣೆ ಬದಲಿಸಿದಾಗಲೆಲ್ಲ. ಬಾಡಿಯ ಕಡೆಯದು ಕಾಲು ಸುತ್ತು ಸಡಿಲವಾಗಿತ್ತಂತೆ, ಬಿಗಿದಿದ್ದಾನೆ.